ಕಡಲಿಗಿಳಿಯುವ ತಾಣ

ಘಟ್ಟವನ್ನಿಳಿಯದೆ ಸಮುದ್ರವನ್ನು ಕಾಣಲಾರದ ಸೀಮೆ ನಮ್ಮದು. ಬಸವಾಪಟ್ಟಣದವರಿಗೆ ದೊಡ್ಡ ನೀರೆಂದರೆ ಸೂಳೆಕೆರೆಯ ನೀರು. ಹರಿಯುವ ನೀರೆಂದರೆ ಭದ್ರಾ ನಾಲೆಯ ನೀರು. ಅದಕ್ಕೂ ಮಿಕ್ಕಿದ್ದನ್ನು ನೋಡಬೇಕಾದರೆ ಹೊನ್ನಾಳಿಗೆ ಹೋಗಿ ತುಂಗಭದ್ರೆಯ ದಡದಲ್ಲಿ ನಿಲ್ಲಬೇಕು. ಹೀಗಿರುವಲ್ಲಿ, ಈಚೆಗೆ ನಮ್ಮ ನೆರೆಯ ಗೃಹಸ್ಥರೊಬ್ಬರು ಮಕ್ಕಳು ಮೊಮ್ಮಕ್ಕಳೊಡನೆ ಹಡಗಿನ ವಿಹಾರಯಾನಕ್ಕೆ ಹಣ ಕಟ್ಟಿ ಬಂದು, ಕಂಪನಿಯವರು ಕೊಟ್ಟ ಬಣ್ಣದ ಹೊತ್ತಗೆಯನ್ನು ನಮ್ಮ ಮುಂದಿಟ್ಟು, "ಮೇಷ್ಟ್ರೇ, ಹಡಗು ದ್ವೀಪದ ಬಳಿ ಒಂದು ಹಗಲು ನಿಲ್ಲುತ್ತದಂತೆ. ಹುಡುಗರು ನೀರಿನೊಳಗೆ ಮುಖವಿಟ್ಟು ಹವಳವನ್ನೂ ಮೀನನ್ನೂ ನೋಡಬೇಕೆನ್ನುತ್ತಾರೆ. ಇದರಲ್ಲಿ ಮೂರು ಜಾಗಗಳ ಚಿತ್ರ ಹಾಕಿದ್ದಾರೆ. ಯಾವುದು ಚೆನ್ನ, ನೀವೇ ಹೇಳಿ" ಎಂದರು.

ಈ ಪ್ರಶ್ನೆ ಆ ಒಂದು ಮನೆಯದು ಮಾತ್ರವಲ್ಲ. 2021ರ ಸೆಪ್ಟೆಂಬರಿನಲ್ಲಿ ಕಾರ್ಡೀಲಿಯಾ ಎಂಬ ಕಂಪನಿಯು ಮುಂಬಯಿಯಿಂದ ವಿಹಾರದ ಹಡಗನ್ನು ಹೊರಡಿಸಿ ಲಕ್ಷದ್ವೀಪವನ್ನೂ ತನ್ನ ಮಾರ್ಗದಲ್ಲಿ ಸೇರಿಸಿಕೊಂಡಿತು. 2024ರ ಜನವರಿಯಲ್ಲಿ ಪ್ರಧಾನಮಂತ್ರಿಗಳು ಅದೇ ದ್ವೀಪಗಳಲ್ಲಿ ಮುಖಕ್ಕೆ ಗಾಜು ಕಟ್ಟಿಕೊಂಡು ನೀರಿಗಿಳಿದ ಚಿತ್ರಗಳನ್ನು ಊರೂರಿನ ಜನರು ನೋಡಿದರು. ಅಂದಿನಿಂದ, ಸಮುದ್ರಯಾನವನ್ನು ಕಲಿಯುಗದಲ್ಲಿ ವರ್ಜ್ಯವೆಂದು ಗ್ರಂಥ ಬರೆದಿಟ್ಟ ಪೂರ್ವಿಕರ ಮನೆಗಳಲ್ಲಿಯೂ ಸ್ನಾರ್ಕೆಲ್ ಎಂಬ ಉಸಿರುಗೊಳವೆಯ ಮಾತು ನಡೆಯುತ್ತಿದೆ. ನಡೆಯಲಿ, ನಮಗೆ ಅದರಲ್ಲಿ ಆಕ್ಷೇಪವಿಲ್ಲ. ಆದರೆ "ಯಾವುದು ಚೆನ್ನ" ಎಂಬ ಪ್ರಶ್ನೆಗೆ ಚಿತ್ರವನ್ನು ನೋಡಿ ಉತ್ತರ ಹೇಳುವವನು ಹೆಣ್ಣಿನ ಭಾವಚಿತ್ರವನ್ನು ಮಾತ್ರ ನೋಡಿ ಲಗ್ನಪತ್ರಿಕೆ ಬರೆಯಿಸಿದವನಂತಾದಾನು. ಚಿತ್ರ ತೆಗೆದವನು ವರ್ಷದಲ್ಲಿ ಅತ್ಯಂತ ಪ್ರಶಾಂತವಾದ ಒಂದು ದಿನವನ್ನು ಆರಿಸಿಕೊಂಡು ತೆಗೆದಿರುತ್ತಾನೆ. ನಮ್ಮ ಹಡಗು ನಿಲ್ಲುವ ದಿನವನ್ನು ಆರಿಸಿದವರು ಕಂಪನಿಯ ಗುಮಾಸ್ತರು.

ಮೊದಲು ನಮ್ಮ ಕನ್ನಡ ಕರಾವಳಿಯ ವಿಷಯವನ್ನೇ ಹೇಳಿಬಿಡುವೆವು. ವಿಹಾರದ ಹಡಗುಗಳು ಪಣಂಬೂರಿನ ನವಮಂಗಳೂರು ಬಂದರಿಗೂ ಬರುವುದುಂಟು. ಬೆಳಿಗ್ಗೆ ಬಂದು ಸಂಜೆ ಹೊರಡುವುದು ವಾಡಿಕೆ. ಅಂತಹ ಹಡಗಿನಲ್ಲಿ ಬಂದವರು, "ಮುರುಡೇಶ್ವರದ ಬಳಿ ನೇತ್ರಾಣಿ ದ್ವೀಪವಿದೆಯಲ್ಲ, ಅಲ್ಲಿಗೆ ಹೋಗಿ ಮುಳುಗಿ ಬರೋಣ" ಎಂದು ಯೋಚಿಸುವರು. ಲೆಕ್ಕ ಹಾಕಿ ನೋಡಬೇಕು. ಮಂಗಳೂರಿನಿಂದ ಮುರುಡೇಶ್ವರಕ್ಕೆ ಸುಮಾರು 150 ಕಿಲೋಮೀಟರು. ಮೋಟಾರಿನಲ್ಲಿ ಮೂರು ಗಂಟೆ ಎನ್ನೋಣ. ಅಲ್ಲಿಂದ ನೇತ್ರಾಣಿಗೆ ಕಡಲಿನಲ್ಲಿ ಸುಮಾರು 19 ಕಿಲೋಮೀಟರು. ದೋಣಿಗೆ ಒಂದು ಗಂಟೆಗೂ ಮಿಕ್ಕಿ ಬೇಕು. ಹೋಗಿ ಬರುವ ದಾರಿಯಲ್ಲಿಯೇ ಹಗಲು ಮುಗಿದುಹೋಗುತ್ತದೆ. ಹಡಗು ನಮ್ಮನ್ನು ಬಿಟ್ಟು ಹೋಗಿರುತ್ತದೆ. ಅಲ್ಲದೆ ನೇತ್ರಾಣಿಯು ದಡದಿಂದ ಇಳಿಯುವ ಜಾಗವೇ ಅಲ್ಲ. ದ್ವೀಪದ ಮೇಲೆ ಪ್ರವಾಸಿಗಳು ಕಾಲಿಡುವಂತಿಲ್ಲ, ದೋಣಿಯಿಂದಲೇ ನೀರಿಗಿಳಿದು ದೋಣಿಗೇ ಹತ್ತಬೇಕು. ಅದನ್ನು ನೋಡಬೇಕೆನ್ನುವವರು ಹಡಗಿನ ಹಂಗಿಲ್ಲದೆ, ಮಳೆಗಾಲ ಕಳೆದ ಮೇಲೆ, ಮುರುಡೇಶ್ವರದಲ್ಲಿ ಎರಡು ರಾತ್ರಿ ತಂಗುವಂತೆ ಹೋಗುವುದು ಲೇಸು.

ಹಾಗಾದರೆ ಪಣಂಬೂರಿನ ಮರಳಿನಿಂದಲೇ, ಮಲ್ಪೆಯ ದಡದಿಂದಲೇ ಏಕೆ ಇಳಿಯಬಾರದು ಎಂದು ಕೇಳಿದರೆ, ಅಲ್ಲಿ ನೋಡುವುದಕ್ಕೇನೂ ಕಾಣದು ಎಂಬುದೇ ಉತ್ತರ. ಹವಳವನ್ನು ಕಟ್ಟುವ ಪ್ರಾಣಿಗೆ ಬೆಚ್ಚಗಿನ ತಿಳಿನೀರೂ ಸೂರ್ಯನ ಬೆಳಕೂ ಬೇಕು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೇತ್ರಾವತಿಗಳು ಘಟ್ಟದ ಮಣ್ಣನ್ನು ಹೊತ್ತು ತಂದು ಸುರಿಯುವ ನಮ್ಮ ದಡದಲ್ಲಿ ನೀರು ಕದಡಿರುವುದೇ ಸಹಜ. ದಡದಿಂದ ದೂರವಿರುವ ನೇತ್ರಾಣಿಯಲ್ಲಿ ಮಾತ್ರ ನೀರು ತಿಳಿಯಾಗಿ ಹವಳಕ್ಕೆ ಎಡೆಯಾಗಿದೆ. ಕಾಣದ ನೀರಿನಲ್ಲಿ ಗಾಜು ಕಟ್ಟಿಕೊಂಡು ಅಲೆಯುವುದರಿಂದ ಲಾಭವಿಲ್ಲ, ಅಪಾಯವುಂಟು.

ಅಪಾಯವೆಂಬ ಮಾತನ್ನು ನಾವು ಸುಮ್ಮನೆ ಆಡಲಿಲ್ಲ. 2024ರ ಡಿಸೆಂಬರ್ 10ರಂದು, ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಿಂದ ಪ್ರವಾಸ ಬಂದಿದ್ದ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ನೀರುಪಾಲಾದರು. ಶಾಲೆಯಲ್ಲಿ ಪಾಠ ಹೇಳಿ ಬಾಳು ಸವೆಸಿದವರಿಗೆ ಆ ಸುದ್ದಿಯನ್ನು ಕಡೆಯವರೆಗೆ ಓದುವುದೇ ಕಷ್ಟವಾಯಿತು. ಮುಳಬಾಗಿಲೂ ನಮ್ಮ ಚನ್ನಗಿರಿಯಂತೆ ಕೆರೆಗಳ ಸೀಮೆ. ಕೆರೆಯ ನೀರು ಇಟ್ಟಲ್ಲಿ ಇರುತ್ತದೆ. ನಮ್ಮ ಸೂಳೆಕೆರೆಗೆ ಶಾಂತಿಸಾಗರವೆಂದು ಹೆಸರಿದ್ದು, 6,550 ಎಕರೆಯಷ್ಟು ಹರಡಿದ್ದರೂ, ಸಾಗರದ ಗುಣ ಅದಕ್ಕಿಲ್ಲ. ಮೊಣಕಾಲುದ್ದದ ನೀರಿನಲ್ಲಿ ನಿಂತವನನ್ನು ಅದು ಎಳೆದುಕೊಂಡು ಹೋಗುವುದಿಲ್ಲ. ಕಡಲು ಹೋಗುತ್ತದೆ. ನಾಲೆಯಲ್ಲಿ ಈಜು ಕಲಿತ ಹುಡುಗನಿಗೆ ಸೆಳೆತದ ಅನುಭವವುಂಟಾದರೂ, ನಾಲೆಗೆ ಎರಡು ದಡಗಳಿರುತ್ತವೆ. ಅಂಥವನನ್ನು ಕಂಡರೇ ನಮಗೆ ಹೆಚ್ಚು ಭಯ. ಈಜು ಬಾರದವನು ಹೆದರಿ ದಡದಲ್ಲಿ ಕುಳಿತಿರುತ್ತಾನೆ.

ಸಂಸ್ಕೃತದಲ್ಲಿ 'ವೇಲಾ' ಎಂದೊಂದು ಶಬ್ದವಿದೆ. ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ನೆನಪಿದ್ದೀತು: ಸಮುದ್ರದ ನೀರಿನ ಏರಿಳಿತಕ್ಕೂ ಅದೇ ಹೆಸರು, ಕಾಲಕ್ಕೂ ಅದೇ ಹೆಸರು, ಮೇರೆಗೂ ಅದೇ ಹೆಸರು; ಕಡಲ ದಡವನ್ನೂ ಕವಿಗಳು ವೇಲೆಯೆಂದೇ ಕರೆದರು. ನಮ್ಮ 'ವೇಳೆ' ಅದರ ತದ್ಭವ. ಬಹುಕಾಲ ಈ ನಾನಾರ್ಥವನ್ನು ನಾವು ಮಕ್ಕಳಿಗೆ ಪರೀಕ್ಷೆಯ ದೃಷ್ಟಿಯಿಂದ ಹೇಳಿಕೊಟ್ಟೆವು. ಹಡಗಿನಿಂದಿಳಿದು ನೀರಿಗೆ ಹೋಗುವವನು ವಿಚಾರಿಸಬೇಕಾದದ್ದು ಈ ಶಬ್ದದೊಳಗೇ ಅಡಗಿದೆಯೆಂಬುದು ಆ ಬಣ್ಣದ ಹೊತ್ತಗೆಯನ್ನು ಮುಂದಿಟ್ಟುಕೊಂಡು ಕುಳಿತಾಗ ಹೊಳೆಯಿತು. ದಡ ಯಾವುದು? ಏರಿಳಿತ ಎಂತಹದು? ಕೈಯಲ್ಲಿರುವ ಕಾಲವೆಷ್ಟು? ನಿಲ್ಲಬೇಕಾದ ಮೇರೆ ಎಲ್ಲಿ?

ದಡದ ವಿಷಯದಲ್ಲಿ ಲಕ್ಷದ್ವೀಪವನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳುವೆವು. ಅದು ಕನ್ನಡಿಗರಿಗೆ ಕೇವಲ ಪರದೇಶವಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಬಡಗಣ ದ್ವೀಪಗಳು ಹದಿನೆಂಟನೆಯ ಶತಮಾನದ ಕಡೆಯಲ್ಲಿ ಟಿಪ್ಪು ಸುಲ್ತಾನನ ವಶವಾಗಿ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷ್ ಕಂಪನಿಯ ಕೈಸೇರಿ, 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿ ಮಂಗಳೂರಿನಿಂದಲೇ ಆಳಲ್ಪಡುತ್ತಿದ್ದವು. ಅಲ್ಲಿನವರು ಹಾಯಿಹಡಗಿನಲ್ಲಿ ತೆಂಗಿನ ನಾರನ್ನೂ ಕೊಬ್ಬರಿಯನ್ನೂ ಮಂಗಳೂರಿಗೆ ತಂದು ಅಕ್ಕಿಯನ್ನು ಒಯ್ಯುತ್ತಿದ್ದರು. ಮಳೆಗಾಲದಲ್ಲಿ ಆ ಹಡಗುಗಳು ಹೊರಡುತ್ತಿರಲಿಲ್ಲ. ಇಂದಿಗೂ ನಮ್ಮ ಪಡುಗಡಲಿನಲ್ಲಿ ಯಂತ್ರದ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವುಂಟು. ಕಡಲಿನಲ್ಲಿಯೇ ಹುಟ್ಟಿ ಬೆಳೆದವರು ಬಾಗಿಲು ಹಾಕಿಕೊಳ್ಳುವ ಕಾಲದಲ್ಲಿ ಬೆಲೆ ಅಗ್ಗವೆಂದು ಟಿಕೆಟ್ಟು ಕೊಳ್ಳುವವರಿಗೆ ನಾವು ಹೇಳತಕ್ಕದ್ದೇನೂ ಇಲ್ಲ. ಅಕ್ಟೋಬರಿನಿಂದ ಮೇ ತಿಂಗಳ ನಡುವಿನವರೆಗೆ ಹೋಗುವವರಿಗಾಗಿ ಈ ಬರಹ.

ಈ ದ್ವೀಪಗಳು ಹುಟ್ಟಿದ ಬಗೆಯನ್ನು ಮನೆಯ ಮಕ್ಕಳಿಗೆ ಹೊರಡುವ ಮುನ್ನ ಹೇಳಿದರೆ, ಯಾವ ದಡ ಹಿತವೆಂಬುದು ಅವರಿಗೇ ತಿಳಿಯುತ್ತದೆ. ಡಾರ್ವಿನ್ ಪಂಡಿತನು 1842ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿವರಿಸಿದನು. ಕಡಲಿನ ನಡುವೆ ಎದ್ದ ಬೆಂಕಿಬೆಟ್ಟವೊಂದರ ಸುತ್ತ ಹವಳದ ಪ್ರಾಣಿಗಳು ಬಳೆಯಂತೆ ಗೂಡು ಕಟ್ಟುತ್ತವೆ. ಬೆಟ್ಟವು ಯುಗಯುಗಗಳಲ್ಲಿ ಮೆಲ್ಲಗೆ ಕುಸಿಯುತ್ತ ಹೋದಂತೆ, ಬೆಳಕಿಗಾಗಿ ಹಂಬಲಿಸುವ ಹವಳವು ಮೇಲಮೇಲಕ್ಕೆ ಕಟ್ಟುತ್ತ ಬರುತ್ತದೆ. ಕಡೆಗೆ ಬೆಟ್ಟವು ಮುಳುಗಿ ಬಳೆ ಮಾತ್ರ ಉಳಿಯುತ್ತದೆ. ಬಳೆಯೊಳಗಿನ ಆಳವಲ್ಲದ ತಿಳಿನೀರೇ ಲಗೂನು. ಲಕ್ಷದ್ವೀಪದಲ್ಲಿ ಜನವಾಸದ ನೆಲವು ಹೆಚ್ಚಿನಂಶ ಈ ಬಳೆಯ ಮೂಡಣ ಅಂಚಿನ ಮೇಲಿದೆ, ಲಗೂನು ಪಡುವಣಕ್ಕಿದೆ. ಹೊರಗಿನ ತೆರೆಗಳು ಪಡುವಣದ ಹವಳದ ದಿಬ್ಬಕ್ಕೆ ಬಡಿದು ಅಲ್ಲಿಯೇ ಒಡೆದುಹೋಗುವುದರಿಂದ, ಒಳಗಿನ ನೀರು ಬಾಣಲೆಯಲ್ಲಿ ತುಂಬಿಟ್ಟಂತಿರುತ್ತದೆ. ಮೂಡಣದಲ್ಲಿಯೋ, ದಡದಿಂದ ಸ್ವಲ್ಪ ದೂರಕ್ಕೇ ನೀರು ಕಡಿದಾಗಿ ಆಳಕ್ಕಿಳಿಯುತ್ತದೆ. ಕಲ್ಪೇನಿ ದ್ವೀಪದ ಮೂಡಣ ಮತ್ತು ಆಗ್ನೇಯ ದಡದಲ್ಲಿ ಹವಳದ ಕಲ್ಲುಗಳ ದೊಡ್ಡ ಒಡ್ಡೊಂದಿದೆ. 1847ರ ಬಿರುಗಾಳಿಯು ಅದನ್ನು ಕಡಲಿನಿಂದ ಎತ್ತಿ ಹಾಕಿತಂತೆ. ಕಲ್ಲನ್ನು ಎತ್ತಿ ಹಾಕುವ ನೀರಿನ ಕಡೆಗೆ ಹೊಸಬರು ಬೆನ್ನು ತಿರುಗಿಸಿ ನಡೆಯುವುದೇ ವಿವೇಕ. ಅದೇ ಕಲ್ಪೇನಿಯಲ್ಲಿ ಕೂಮೇಲ್ ಎಂಬ ತೀರವಿದೆ. ಎದುರಿಗೆ ತಿಲಕ್ಕಂ, ಪಿಟ್ಟಿ ಎಂಬ ಕಿರುದ್ವೀಪಗಳು ಕಾಣುತ್ತವೆ. ಪ್ರವಾಸಿಗಳನ್ನು ಈಜುವುದಕ್ಕೂ ಉಸಿರುಗೊಳವೆಯಿಂದ ಹವಳ ನೋಡುವುದಕ್ಕೂ ಅಲ್ಲಿಗೆ ಕರೆದೊಯ್ಯುವುದು ರೂಢಿ.

ಅಮೆರಿಕದಲ್ಲಿ ನೆಲಸಿರುವ ಮಕ್ಕಳ ಮನೆಗೆ ಹೋಗಿ ಅಲ್ಲಿಂದ ಕೆರಿಬಿಯನ್ ಸಮುದ್ರದ ಯಾನಕ್ಕೆ ಹೊರಡುವ ತಂದೆತಾಯಿಗಳೂ ಈಗ ನಮ್ಮ ಜಿಲ್ಲೆಯಲ್ಲಿದ್ದಾರೆ. ಅವರಿಗೆ ಬೊನೇರ್ ಎಂಬ ದ್ವೀಪವೊಂದು ಎದುರಾಗಬಹುದು. ದಡದಿಂದಲೇ ನಡೆದು ಹೋಗಿ ಮುಳುಗುವುದಕ್ಕೆ ಅದು ಲೋಕಪ್ರಸಿದ್ಧ. 1979ರಲ್ಲಿಯೇ ಅದರ ಸುತ್ತಲಿನ ಕಡಲನ್ನು ಸಂರಕ್ಷಿತ ಜಲೋದ್ಯಾನವೆಂದು ಸಾರಿದರು. ರಸ್ತೆಯ ಬದಿಯಲ್ಲಿ ಹಳದಿ ಬಣ್ಣದ ಕಲ್ಲಿನ ಮೇಲೆ ತಾಣದ ಹೆಸರನ್ನು ಬರೆದಿಟ್ಟಿರುತ್ತಾರೆ, ನಮ್ಮ ಮೈಲಿಗಲ್ಲುಗಳಂತೆ. ಅಲ್ಲಿ ಗಾಳಿಯು ಮೂಡಣದಿಂದ ಬೀಸುವುದರಿಂದ ಮೂಡಣ ದಡದಲ್ಲಿ ತೆರೆ ಅಪ್ಪಳಿಸುತ್ತದೆ. ಗಾಳಿಗೆ ಮರೆಯಾದ ಪಡುವಣ ದಡ ಶಾಂತವಾಗಿರುತ್ತದೆ. ಅಲ್ಲೊಂದು ತಾಣಕ್ಕೆ 'ಸಾವಿರ ಮೆಟ್ಟಿಲು' ಎಂದು ಹೆಸರು. ಎಣಿಸಿದರೆ ನೂರೂ ಇಲ್ಲ; ಆದರೆ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ದಣಿದು ಹತ್ತುವಾಗ ಸಾವಿರವಾಗಿ ತೋರುವುದಂತೆ. ಈ ಹೆಸರನ್ನಿಟ್ಟವನು ಅನುಭವಸ್ಥ. ನೀರಿಗಿಳಿಯುವ ದಾರಿಯನ್ನು ಎಲ್ಲರೂ ನೋಡುತ್ತಾರೆ. ನೀರಿನಿಂದ ಮೇಲೇರುವ ದಾರಿಯನ್ನು ನೋಡುವವರು ಕಡಮೆ. ಇಳಿಯುವಾಗ ಮೈಯಲ್ಲಿ ಕಸುವಿರುತ್ತದೆ. ಏರುವಾಗ ಉಸಿರು ಸೋತಿರುತ್ತದೆ, ಬಂಡೆ ಜಾರುತ್ತದೆ, ಹಿಂದಿನಿಂದ ತೆರೆ ನೂಕುತ್ತದೆ. ಆದುದರಿಂದ ಮೂರು ಜಾಗಗಳಲ್ಲಿ ಒಂದನ್ನು ಆರಿಸುವಾಗ, ಮನೆಯಲ್ಲಿ ಎಲ್ಲರಿಗಿಂತ ಅಶಕ್ತರಾದವರು ಯಾರ ಕೈಯನ್ನೂ ಹಿಡಿಯದೆ ಮೇಲಕ್ಕೆ ಬರಬಲ್ಲ ಮರಳು ದಡ ಯಾವುದೋ ಅದನ್ನು ಹಿಡಿಯಬೇಕು. ಹೆಚ್ಚು ಮೀನು ಕಾಣುವ ಬಂಡೆ ದಡವನ್ನು ಬಿಡಬೇಕು.

ಇನ್ನು ಏರಿಳಿತ. ಪಂಚಾಂಗ ನೋಡಬಲ್ಲ ಮನೆಯವರಿಗೆ ಇದು ಕಷ್ಟವಲ್ಲ. ಉಬ್ಬರವು ಚಂದ್ರನನ್ನು ಅನುಸರಿಸುವುದರಿಂದ ದಿನದಿನಕ್ಕೆ ಸುಮಾರು 50 ನಿಮಿಷ, ಎಂದರೆ ನಮ್ಮ ಲೆಕ್ಕದಲ್ಲಿ ಎರಡು ಘಳಿಗೆಯಷ್ಟು, ತಡವಾಗಿ ಬರುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಏರುವುದೂ ಹೆಚ್ಚು, ಇಳಿಯುವುದೂ ಹೆಚ್ಚು. ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಕಡಮೆ. ಹಿರಿಯರು ಸಮುದ್ರಸ್ನಾನವನ್ನು ಪರ್ವದಿನಗಳಲ್ಲಿ ಮಾಡುವುದು ರೂಢಿ. ಗೋಕರ್ಣಕ್ಕೆ ಹೋದವರಿಗೆ ಇದು ಗೊತ್ತು. ಆ ಪರ್ವದಿನಗಳೇ ಸೆಳೆತ ಬಲವಾಗಿರುವ ದಿನಗಳು. ಹಡಗು ನಿಲ್ಲುವ ದಿನದ ತಿಥಿಯನ್ನು ಹೊರಡುವ ಮುನ್ನವೇ ನೋಡಿಟ್ಟುಕೊಂಡರೆ, ಎಷ್ಟು ಜಾಗರೂಕತೆ ಬೇಕೆಂಬ ಅಂದಾಜು ಮನೆಯಲ್ಲಿಯೇ ಸಿಕ್ಕೀತು. ಗಂಟೆ ನಿಮಿಷಗಳನ್ನು ದ್ವೀಪದ ದೋಣಿಯವರಿಂದ ಕೇಳಿ ತಿಳಿಯಬೇಕು.

ಇಳಿತದ ವೇಳೆಯಲ್ಲಿ ಲಗೂನಿನ ನೀರು ತಗ್ಗಿ, ಹವಳದ ಮೊನೆಗಳು ಈಜುವವನ ಹೊಟ್ಟೆಗೆ ತಾಗುವಷ್ಟು ಮೇಲಾಗುತ್ತವೆ. ಗೀರಿದ ಗಾಯ ಬೇಗ ಮಾಯದು. ಅದಕ್ಕಿಂತ ಗಂಡಾಂತರದ ಸಂಗತಿಯೆಂದರೆ, ದಿಬ್ಬವನ್ನು ಹಾರಿ ಒಳಗೆ ಬಂದ ನೀರೆಲ್ಲ ಹೊರಕ್ಕೆ ಹೋಗಲು ಹವಳದ ಬಳೆಯಲ್ಲಿ ಒಂದೆರಡು ಕಡೆ ಮಾತ್ರ ಬಾಯಿಗಳಿರುತ್ತವೆ. ಕೆರೆಯ ತೂಬಿನ ಬಾಯಿಯ ಬಳಿ ಈಜಬಾರದೆಂದು ನಮ್ಮ ಹಳ್ಳಿಯ ಮಗುವೂ ಬಲ್ಲದು. ಇದೂ ತೂಬೇ, ಆದರೆ ಕಟ್ಟೆಯಿಲ್ಲ, ಗುರುತಿಲ್ಲ. ನೀರು ಅಲ್ಲಿ ಆಳವಾಗಿ, ಚಿತ್ರದಲ್ಲಿ ಕಾಣುವಂತೆ ಕಡುನೀಲಿಯಾಗಿ, ಎಲ್ಲಕ್ಕಿಂತ ಸುಂದರವಾಗಿಯೇ ಇರುತ್ತದೆ. ದೋಣಿಗಳು ಓಡಾಡುವುದೂ ಅಲ್ಲಿಯೇ. ಮರಳ ದಡದ ತೆರೆದ ಕಡಲಿನಲ್ಲಿಯೂ ಇಂತಹುದೇ ಒಂದು ಮೋಸವುಂಟು. ಎಡಕ್ಕೂ ಬಲಕ್ಕೂ ತೆರೆಗಳು ಬೆಳ್ಳಗೆ ಒಡೆಯುತ್ತಿರುವಾಗ ನಡುವೆ ಒಂದು ಪಟ್ಟಿಯಷ್ಟು ನೀರು ಮಾತ್ರ ತೆರೆಯಿಲ್ಲದೆ ಕಪ್ಪಗೆ, ನುಣ್ಣಗೆ ತೋರುತ್ತದೆ. ಒಳನಾಡಿನವರು ಅದನ್ನು ಶಾಂತವಾದ ಜಾಗವೆಂದು ತಿಳಿದು ಮಕ್ಕಳನ್ನು ಅಲ್ಲಿಗೇ ಇಳಿಸುತ್ತಾರೆ. ದಡಕ್ಕೆ ಬಂದ ನೀರು ಹಿಂದಿರುಗಿ ಹೋಗುವ ಹೆದ್ದಾರಿ ಅದು. ಅದರಲ್ಲಿ ಸಿಕ್ಕಿದವನು ದಡದ ಕಡೆಗೆ ನೇರವಾಗಿ ಈಜಿದರೆ ಸೋಲುತ್ತಾನೆ. ದಡಕ್ಕೆ ಸಮಾನವಾಗಿ, ಪಕ್ಕಕ್ಕೆ ಈಜಿ ಆ ಪಟ್ಟಿಯಿಂದ ಹೊರಬಿದ್ದು ಆಮೇಲೆ ದಡದ ಕಡೆಗೆ ತಿರುಗಬೇಕು. ಈಜು ಬಾರದವನು ತೇಲುತ್ತ ಕೈಯೆತ್ತಿ ಕೂಗಬೇಕು. ಉಪ್ಪುನೀರು ಕೆರೆಯ ನೀರಿಗಿಂತ ಭಾರವಾದುದರಿಂದ ಮೈಯನ್ನು ಸ್ವಲ್ಪ ಹೆಚ್ಚಾಗಿಯೇ ಎತ್ತುತ್ತದೆ. ಕೈಕಾಲು ಬಡಿಯದವನು ಬೇಗ ಮುಳುಗುವುದಿಲ್ಲ. ಲೈಫ್ ಜಾಕೆಟ್ಟು ತೊಟ್ಟಿದ್ದರೆ ಮುಳುಗುವ ಮಾತು ಇನ್ನೂ ದೂರ. ಅದನ್ನು ತೊಡುವುದು ನಾಚಿಕೆಯೆಂದು ಭಾವಿಸುವ ಯುವಕರನ್ನು ದಡದಲ್ಲಿಯೇ ಕೂರಿಸತಕ್ಕದ್ದು.

ನೀರು ಯಾವ ಕಡೆಗೆ ಹರಿಯುತ್ತಿದೆಯೆಂದು ತಿಳಿಯಲು ಸುಲಭವಾದ ಉಪಾಯವೊಂದಿದೆ. ತೆಂಗಿನ ಕಾಯಿಯ ಒಣಸಿಪ್ಪೆಯ ತುಂಡೊಂದನ್ನು ನೀರಿಗೆಸೆದು ಹತ್ತು ನಿಮಿಷ ಸುಮ್ಮನೆ ಕುಳಿತು ನೋಡಬೇಕು. ಲಕ್ಷದ್ವೀಪದಲ್ಲಿ ತೆಂಗಿಗೆ ಬಡತನವಿಲ್ಲ. ಸಿಪ್ಪೆ ಹೋದ ಕಡೆಗೆ, ಮುಖವನ್ನು ನೀರಿನಲ್ಲಿಟ್ಟು ತೇಲುವವನೂ ತನಗರಿವಿಲ್ಲದೆ ಹೋಗುತ್ತಾನೆ. ಆದ್ದರಿಂದ ಮೊದಲು ನೀರಿನ ಹರಿವಿಗೆ ಎದುರಾಗಿ ಹೋಗಿ, ದಣಿದ ಮೇಲೆ ಹರಿವಿನೊಡನೆ ತೇಲುತ್ತ ಹಿಂದಿರುಗಬೇಕು. ಸಿಪ್ಪೆಯು ಬೇಗಬೇಗ ದೂರಕ್ಕೆ ಹೋಗಿ ಕಣ್ಮರೆಯಾದರೆ ಆ ಜಾಗವನ್ನು ಬಿಟ್ಟು ಬೇರೆಡೆಗೆ ನಡೆಯಬೇಕು. ಉಬ್ಬರವು ತುಂಬುತ್ತ ಬಂದ ಕಡೆಯ ಭಾಗವೂ ತುಂಬಿ ನಿಂತ ಹೊತ್ತೂ ಹೊಸಬರಿಗೆ ಹಿತವಾದ ಕಾಲ.

ಕಾಲದ ಮಾತು ಬಂತು. ಹಡಗಿನ ಪತ್ರಿಕೆಯಲ್ಲಿ "ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ" ಎಂದು ಅಚ್ಚಾಗಿದ್ದರೆ, ಒಂಬತ್ತು ಗಂಟೆ ದೊರೆಯಿತೆಂದು ಹಿಗ್ಗಬಾರದು. ದೊಡ್ಡ ಹಡಗು ದ್ವೀಪದಿಂದ ದೂರದಲ್ಲಿ ಲಂಗರು ಹಾಕಿ, ಜನರನ್ನು ಸಣ್ಣ ದೋಣಿಗಳಲ್ಲಿ ಸರದಿಯ ಮೇಲೆ ಇಳಿಸುತ್ತದೆ. ನಮ್ಮ ಸರದಿ ಬರುವಾಗ 10 ಗಂಟೆಯಾದೀತು. ಕಡೆಯ ದೋಣಿ ಹಡಗು ಹೊರಡುವುದಕ್ಕೆ ಬಹಳ ಮೊದಲೇ, 3 ಗಂಟೆ 30 ನಿಮಿಷಕ್ಕೇ ಬಿಡಬಹುದು. ಉಳಿದ ಐದೂವರೆ ಗಂಟೆಯಲ್ಲಿ ತಾಣಕ್ಕೆ ಹೋಗಿ ಬರುವುದು, ಗಾಜೂ ಕೊಳವೆಯೂ ಅಳತೆಗೆ ಹೊಂದುವಂತೆ ಆರಿಸಿಕೊಳ್ಳುವುದು, ಊಟ, ಮೈಯೊರಸಿ ಬಟ್ಟೆ ಬದಲಿಸುವುದು, ಇವಕ್ಕೆಲ್ಲ ಮೂರೂವರೆ ಗಂಟೆ ಹೋದೀತು. ಹೀಗೆ ನೀರಿನ ಪಾಲಿಗೆ ಉಳಿಯುವುದು ಹೆಚ್ಚೆಂದರೆ ಎರಡು ಗಂಟೆ. ಎರಡು ಗಂಟೆಗಾಗಿ ದೂರದ ತಾಣಕ್ಕೆ ಓಡುವುದಕ್ಕಿಂತ ಜೆಟ್ಟಿಗೆ ಹತ್ತಿರವಾದ ತಾಣವೇ ಸಾಕು. ಅಲ್ಲಿ ಮೀನು ನಾಲ್ಕು ಕಡಮೆಯಾದರೂ ಅವಸರವಿರುವುದಿಲ್ಲ. ಮಧ್ಯಾಹ್ನ 2 ಗಂಟೆಯ ಮೇಲೆ ನೀರಿಗಿಳಿಯುವುದಿಲ್ಲವೆಂದು ಮನೆಯ ಯಜಮಾನರು ಹಿಂದಿನ ರಾತ್ರಿಯೇ ಹೇಳಿಬಿಡುವುದು ಒಳ್ಳೆಯದು. ವಿದೇಶದ ಯಾನದಲ್ಲಿ ಹಡಗಿನ ಗಡಿಯಾರಕ್ಕೂ ದ್ವೀಪದ ಗಡಿಯಾರಕ್ಕೂ ಒಂದು ಗಂಟೆ ವ್ಯತ್ಯಾಸವಿರಬಹುದು. ಕೈಗಡಿಯಾರವನ್ನು ಹಡಗಿನ ಕಾಲಕ್ಕೇ ಇಟ್ಟುಕೊಂಡಿರತಕ್ಕದ್ದು.

ಕೊಚ್ಚಿಯಿಂದ ಲಕ್ಷದ್ವೀಪದ ಸರ್ಕಾರದವರು 'ಸಮುದ್ರಂ' ಎಂಬ ಹೆಸರಿನಲ್ಲಿ ನಡೆಸಿಕೊಂಡು ಬಂದ ಐದು ದಿನದ ಪ್ರವಾಸದ ಕ್ರಮವು ಈ ದೃಷ್ಟಿಯಿಂದ ನಮಗೆ ಮೆಚ್ಚಿಕೆಯಾಯಿತು. ಕವರತ್ತಿ, ಕಲ್ಪೇನಿ, ಮಿನಿಕಾಯ್ ಎಂಬ ಮೂರು ದ್ವೀಪಗಳಲ್ಲಿ ಹಗಲೆಲ್ಲ ಇದ್ದು ಊಟವನ್ನೂ ಅಲ್ಲಿಯೇ ಮುಗಿಸಿ, ರಾತ್ರಿ ಹಡಗಿಗೆ ಮರಳುವುದು ಅದರ ಕ್ರಮ. ಒಂದು ದಿನ ಗಾಳಿ ಎದ್ದು ನೀರಿಗಿಳಿಯಲಾಗದಿದ್ದರೆ ಮಾರನೆಯ ದ್ವೀಪದ ಆಸೆಯಿರುತ್ತದೆ. ಒಂದೇ ನಿಲುಗಡೆಯುಳ್ಳ ಯಾನದಲ್ಲಿ, "ಇಷ್ಟು ಹಣ ಕೊಟ್ಟು ಬಂದು ಇಳಿಯದೆ ಹೋಗುವುದೇ?" ಎಂಬ ಮಾತು ಯಜಮಾನನ ಬುದ್ಧಿಯನ್ನು ಕೆಡಿಸುತ್ತದೆ. ಯಾವ ಯಾನವಾದರೂ ಲಕ್ಷದ್ವೀಪಕ್ಕೆ ಪ್ರವೇಶದ ಪರವಾನಗಿ ಬೇಕು. ಅದನ್ನು ಮೊದಲೇ ಮಾಡಿಸಿಕೊಳ್ಳಬೇಕು.

ಯಾರು ಇಳಿಯಬೇಕು, ಯಾರು ಬೇಡ ಎಂಬುದರಲ್ಲಿ ಮನೆಯ ಹೆಂಗಸರ ಮಾತು ಹೆಚ್ಚು ನಡೆಯುವಂತಾದರೆ ಒಳಿತು. ಎದೆಯ ಬೇನೆ, ಉಬ್ಬಸ, ಕಿವಿಯ ಸೋರಿಕೆ ಇದ್ದವರು ವೈದ್ಯರನ್ನು ಕೇಳದೆ ಮುಂದುವರಿಯಬಾರದು. ಗಾಳಿಯ ಸಿಲಿಂಡರು ಕಟ್ಟಿಕೊಂಡು ಮುಳುಗುವ ಸ್ಕೂಬಾ ವಿದ್ಯೆಯನ್ನು ಹತ್ತು ವರ್ಷಕ್ಕಿಂತ ಕಿರಿಯ ಮಕ್ಕಳಿಗೆ ಕಡಲಿನಲ್ಲಿ ಮಾಡಿಸುವುದಿಲ್ಲ. ದೊಡ್ಡವರಾದರೂ ಹಾಗೆ ಮುಳುಗಿದ ದಿನವೇ ವಿಮಾನ ಹತ್ತಬಾರದು. ರಕ್ತದಲ್ಲಿ ಕರಗಿದ ಗಾಳಿಯು ಮೇಲೇರಿದಾಗ ಗುಳ್ಳೆಯಾಗಿ ಪೀಡಿಸುವುದೇ ಇದಕ್ಕೆ ಕಾರಣ. ಒಂದು ಸಾರಿ ಮುಳುಗಿದವರು 12 ಗಂಟೆ, ಹಲವು ಸಾರಿ ಮುಳುಗಿದವರು 18 ಗಂಟೆಯಾದರೂ ಕಾಯಬೇಕೆಂದು ತಿಳಿದವರು ಹೇಳುತ್ತಾರೆ. ನೇತ್ರಾಣಿಯಲ್ಲಿ ಮುಳುಗಿ ಅಂದೇ ಸಂಜೆ ಘಟ್ಟ ಹತ್ತಿ ಊರಿಗೆ ಬರುವವರೂ ಇದನ್ನು ಅಲ್ಲಿನ ಶಿಕ್ಷಕರಲ್ಲಿ ವಿಚಾರಿಸತಕ್ಕದ್ದು; ಘಟ್ಟವೂ ಎತ್ತರವೇ. ಉಸಿರುಗೊಳವೆಯಿಂದ ಮೇಲೆಯೇ ತೇಲುವವರಿಗೆ ಈ ಕಟ್ಟಳೆಯಿಲ್ಲ.

ಸೀರೆಯುಟ್ಟು ನೀರಿಗಿಳಿಯಬಾರದು. ನೆನೆದ ಸೀರೆ ಕಾಲಿಗೆ ಸುತ್ತಿಕೊಂಡರೆ ಈಜು ಬಲ್ಲವಳೂ ಅಸಹಾಯಳು. ಮೈತುಂಬ ಮುಚ್ಚುವ ಈಜುಡುಗೆಗಳು ಈಗ ದೊರೆಯುತ್ತವೆ. ಅದರಿಂದ ಮರ್ಯಾದೆಗೂ ಕೊರತೆಯಿಲ್ಲ, ಬಿಸಿಲಿಗೂ ರಕ್ಷೆ. ದ್ವೀಪದವರು ಆಚಾರವಂತರಾದ ಮುಸಲ್ಮಾನರು. ದಡ ಬಿಟ್ಟು ಊರೊಳಗೆ ಬರುವಾಗ ಗಂಡಸರೂ ಮೈಮುಚ್ಚುವ ಬಟ್ಟೆ ಧರಿಸುವುದು ಸಭ್ಯತೆ. ದಟ್ಟ ಮೀಸೆಯ ಯಜಮಾನರಿಗೆ ಮುಖದ ಗಾಜಿನೊಳಕ್ಕೆ ನೀರು ಸೋರುವುದುಂಟು. ಮೀಸೆಗೆ ಸ್ವಲ್ಪ ವ್ಯಾಸಲೀನು ಹಚ್ಚಿದರೆ ತಡೆದೀತು. ಮೀಸೆ ಬೋಳಿಸಿರೆಂದು ಹೇಳುವ ಧೈರ್ಯ ನಮಗಿಲ್ಲ. ಗಾಜನ್ನು ಕಟ್ಟಿಕೊಂಡು ಬಾಯಿಯಿಂದ ಮಾತ್ರ ಉಸಿರಾಡುವ ಅಭ್ಯಾಸವನ್ನು ಸೊಂಟದುದ್ದದ ನೀರಿನಲ್ಲಿ, ಮರಳಿನ ಮೇಲೆ ನಿಂತು, ಕಾಲು ಗಂಟೆ ಮಾಡಬೇಕು. ಈ ಕಾಲು ಗಂಟೆ ಬೇಸರವೆನ್ನುವವನೇ ಆಳದಲ್ಲಿ ನೀರು ಕುಡಿದು ಗಾಬರಿಯಾಗುವವನು.

ನೀರಿಗಿಳಿಯದೆ ಉಳಿದ ಅಜ್ಜಿಯರಿಗೆ ಒಂದು ಕೆಲಸವನ್ನು ಒಪ್ಪಿಸಬೇಕು: ತಲೆ ಎಣಿಸುವುದು. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದ ವರ್ಷಗಳಲ್ಲಿ ನಾವು ಮಾಡಿದ ಮುಖ್ಯವಾದ ಉಪಾಧ್ಯಾಯಿಕೆ ಅದೇ. ಮುಖವನ್ನು ನೀರಿನಲ್ಲಿಟ್ಟವನಿಗೆ ದಡವೆಲ್ಲಿ, ತಮ್ಮನೆಲ್ಲಿ ಎಂಬುದು ತಿಳಿಯದು. ಇಬ್ಬಿಬ್ಬರು ಜೋಡಿಯಾಗಿ ಹೋಗಬೇಕು. ದಡದ ಒಂದು ಮರವನ್ನು ಗುರುತಿಟ್ಟುಕೊಂಡು ಆಗಾಗ ತಲೆಯೆತ್ತಿ ನೋಡಬೇಕು. ದಡದಲ್ಲಿ ಕುಳಿತವರು ಬಣ್ಣದ ವಸ್ತ್ರವೊಂದನ್ನು ಬೀಸಿದರೆ ಎಲ್ಲರೂ ಮರಳಬೇಕು. ಬಾಡಿಗೆಗೆ ಸಿಗುವ ಮಾರ್ಗದರ್ಶಕನನ್ನು ಹಣದ ಲೋಭದಿಂದ ಬಿಡಬಾರದು. ಅವನು "ಇಂದು ಬೇಡ" ಎಂದರೆ ಅದೇ ಕಡೆಯ ಮಾತು. ಕಾಸು ಹೆಚ್ಚು ಕೊಡುವೆನೆಂದು ಅವನ ಮನಸ್ಸನ್ನು ತಿರುಗಿಸುವವರನ್ನು ನಾವು ಗೃಹಸ್ಥರೆಂದು ಕರೆಯಲಾರೆವು.

ಹವಳದ ಮೇಲೆ ನಿಲ್ಲಬಾರದೆಂದು ಅಲ್ಲಿ ಪದೇ ಪದೇ ಹೇಳುವರು. ಅದು ಕಲ್ಲಲ್ಲ, ಪ್ರಾಣಿ. ಗುಂಡಾದ ಹವಳದ ಬಂಡೆಗಳು ವರ್ಷಕ್ಕೆ ಒಂದು ಸೆಂಟಿಮೀಟರಿನಷ್ಟು ಬೆಳೆದರೆ ಹೆಚ್ಚು. ಒಬ್ಬನ ಹಿಮ್ಮಡಿ ಮುರಿದುದನ್ನು ಅವನ ಮೊಮ್ಮಗನು ದೊಡ್ಡವನಾಗುವವರೆಗೂ ಕಡಲು ಕಟ್ಟಿ ಮುಗಿಸದು. 1998, 2010, 2016 ಈ ವರ್ಷಗಳಲ್ಲಿ ಕಡಲ ನೀರು ಕಾದು ಲಕ್ಷದ್ವೀಪದ ಹವಳವು ಬಹಳವಾಗಿ ಬೆಳ್ಳಗಾಗಿ ಸತ್ತಿತು. ಉಳಿದುದನ್ನು ತುಳಿಯುವುದಕ್ಕೆ ಹಡಗು ಹತ್ತಿ ಹೋಗಬೇಕಾಗಿಲ್ಲ. ಮರಳಿರುವ ಕಡೆಯೇ ಕಾಲೂರಬೇಕು. ಹಾಗೆ ಮಾಡಿದರೆ ಕಲ್ಲಿನಂತೆ ಬಿದ್ದಿರುವ ಕಲ್ಲುಮೀನಿನ ವಿಷದ ಮುಳ್ಳಿನಿಂದಲೂ, ಉಂಡೆಯಂತಿರುವ ಕರಿಯ ಮುಳ್ಳಿನ ಪ್ರಾಣಿಯಿಂದಲೂ ಕಾಲು ಉಳಿಯುವುದು. ದಡದಲ್ಲಿ ಬಿದ್ದ ಹವಳದ ತುಂಡನ್ನು ಮಕ್ಕಳು ಜೇಬಿಗಿಳಿಸುವರು. 1972ರ ವನ್ಯಜೀವಿ ಸಂರಕ್ಷಣೆಯ ಕಾನೂನಿನ ಮೇರೆಗೆ ಹವಳವು ಹುಲಿಯಂತೆಯೇ ಮೊದಲನೆಯ ಪಟ್ಟಿಗೆ ಸೇರಿದ ಜೀವಿ. ಸತ್ತ ತುಂಡಾದರೂ ಊರಿಗೆ ತರುವಂತಿಲ್ಲ. ದೋಣಿ ಹತ್ತುವ ಮುನ್ನ ಮಕ್ಕಳ ಜೇಬುಗಳನ್ನು ತಾಯಂದಿರು ಒಮ್ಮೆ ತಡವಿ ನೋಡಲಿ.

ಹಡಗಿನಲ್ಲಿ ತಲೆ ತಿರುಗುವುದಕ್ಕೆ ಮಾಡಬೇಕಾದ ಉಪಚಾರವನ್ನೂ, ನಮ್ಮ ಮನೆಗಳವರಿಗೆ ಅಲ್ಲಿನ ಊಟ ಹಿಡಿಸುವ ಬಗೆಯನ್ನೂ ಕೆಲವರು ಕೇಳಿರುವರು. ಸ್ಥಳವು ತೀರಿತಾದುದರಿಂದ ಅದನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡಿದ್ದೇವೆ.